ಹುಣಸೆಬೀಜ, ಇದ್ದಿಲು ಮತ್ತು ನನ್ನ ಬಿ.ಎಸ್ಸಿ.

ಆಗುವುದೇ ಇಲ್ಲ ಎಂದವಳು ನಮ್ಮ ದೊಡ್ಡವ್ವ. ಒಂದಲ್ಲ, ಎರಡು ಸಂಗತಿಗಳನ್ನು ಒಂದೇ ಉಸಿರಿನಲ್ಲಿ ಆಗುವುದಿಲ್ಲ ಎಂದುಬಿಟ್ಟಿದ್ದಳು. ನಾನು ಎಸ್.ಎಸ್.ಎಲ್.ಸಿ. ಪಾಸಾದ ದಿನ ಅದು. ದೊಡ್ಡಪ್ಪ ನನ್ನನ್ನು ಮೈಸೂರಿನ ಕಾಲೇಜಿಗೆ ಕಳಿಸಬೇಕೆಂದು ಪಟ್ಟು ಹಿಡಿದು ಕೂತಿದ್ದರು. ದೊಡ್ಡವ್ವ ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸದೆಯೇ ಹೇಳಿದಳು:

"ಇವ್ರ ಕಡತವ ಗೆದ್ದಲು ತಿನ್ನದೆ ಬುಡದಿಲ್ಲ, ಈ ಮನೆ ಎಣ್ಣು ಬಿಯೆಸ್ಸಿ ಆಗದಿಲ್ಲ. ಬೇಕಾದ್ರೆ ಬರ್ದು ಮಡಿಕಳಿ!"

"ಯಾತ್ರಲ್ಲಿ ಬರ್ದು ಮಡಿಕಳನ? ಬರ್ದಿದ್ದ ಗೆದ್ದಲು ತಿಂದ್ಬುಡ್ತದಲ್ಲ!" ಎಂದರು ದೊಡ್ಡಪ್ಪ.

ಇದು ತಮಾಷೆಯ ಮಾತಲ್ಲ. ನಮ್ಮ ದೊಡ್ಡಪ್ಪ ಗೆದ್ದಲಿನ ವಿಷಯದಲ್ಲಿ ಎಂದೂ ತಮಾಷೆ ಮಾಡಿದವರಲ್ಲ. ಉಳಿದಂತೆ ಪರಮ ಸಾಧು. ಹಾವು ಅಡ್ಡ ಬಂದರೆ ಅದು ದಾಟುವವರೆಗೆ ನಿಲ್ಲುತ್ತಿದ್ದರು. ಈರುಳ್ಳಿ ಹೊಲಕ್ಕೆ ನುಗ್ಗಿದ ಕಾಡುಹಂದಿಗೂ "ಓಗಪ್ಪ, ಒತ್ತಾಯ್ತು, ಓಗು" ಎಂದು ಬುದ್ಧಿ ಹೇಳುತ್ತಿದ್ದರು. ಇಡೀ ಪ್ರಪಂಚದಲ್ಲಿ ಅವರಿಗಿದ್ದ ಶತ್ರು ಒಂದೇ. ಗೆದ್ದಲು!

ಈಗಿನವರಿಗೆ ಕಡತವೆಂದರೆ ಕಚೇರಿಯ ಫೈಲು. ದೊಡ್ಡಪ್ಪನಿಗೆ ಹಾಗಲ್ಲ. ಹುಣಸೆಬೀಜ ಹುರಿದು, ಸಿಪ್ಪೆ ಬಿಡಿಸಿ, ಅರೆದು, ಕಾಯಿಸಿ ಅಂಟು ಮಾಡಬೇಕು. ಅದಕ್ಕೆ ತೆಂಗಿನ ಚಿಪ್ಪಿನ ಇದ್ದಿಲು ಕುಟ್ಟಿದ ನುಣ್ಣನೆಯ ಪುಡಿ ಕಲಸಬೇಕು. ಉದ್ದನೆಯ ಹತ್ತಿಬಟ್ಟೆಗೆ ಎರಡೂ ಕಡೆ ಅದನ್ನು ಬಳಿದು, ಒಣಗಿಸಿ, ನುಣ್ಣಗೆ ಉಜ್ಜಿ, ಮಡಿಕೆ ಮಡಿಕೆಯಾಗಿ ಮಡಿಸಬೇಕು. ಅದು ಕಡತ! ಕರಿಹಲಗೆಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಹೋಗುವಂತಿದ್ದರೆ ಹೇಗೋ ಹಾಗೆ. ಬಳಪದಲ್ಲಿ ಬರೆಯಬಹುದು, ಒರೆಸಿ ಮತ್ತೆ ಬರೆಯಬಹುದು. ನಮ್ಮ ಮುತ್ತಜ್ಜನ ಕಾಲದಲ್ಲಿ ಅಕ್ಷರ ಬಲ್ಲವರ ಮನೆಯಲ್ಲೆಲ್ಲ ಇತ್ತಂತೆ. ಆಮೇಲೆ ಗುಂಡ್ಲುಪೇಟೆ ಸಂತೆಗೆ ಸ್ಲೇಟು ಬಂತು, ನೋಟ್‌ಬುಕ್ಕು ಬಂತು. ನಾನು ಹೇಳುತ್ತಿರುವ ಐವತ್ತರ ಇಸವಿಯ ಸುಮಾರಿಗೆ ಕಡತ ಮಾಡುವವರು ತಾಲ್ಲೂಕಿಗೆ ಒಬ್ಬರೇ ಉಳಿದಿದ್ದರು. ಬೇಕೆನ್ನುವವರು ಒಬ್ಬರೂ ಉಳಿದಿರಲಿಲ್ಲ.

"ಸ್ಲೇಟು ಒಡೀತದೆ, ಕಾಗ್ದ ಅರೀತದೆ, ಕಡತ ಉಳೀತದೆ" ಎನ್ನುತ್ತಿದ್ದರು ದೊಡ್ಡಪ್ಪ.

"ಉಳೀತದೆ, ಗೆದ್ದಲಿನ ಒಟ್ಟೇಲಿ" ಎನ್ನುತ್ತಿದ್ದಳು ದೊಡ್ಡವ್ವ.

ಅವಳ ಮಾತೂ ನಿಜವೇ. ಇದ್ದಿಲನ್ನು ಗೆದ್ದಲು ಮೂಸಿಯೂ ನೋಡುವುದಿಲ್ಲ. ಆದರೆ ಹತ್ತಿಬಟ್ಟೆ, ಹುಣಸೆಬೀಜದ ಅಂಟು ಎಂದರೆ ಅದಕ್ಕೆ ಹಬ್ಬದೂಟ. ಒಂದು ಮಳೆಗಾಲ ಕಳೆದು ಗೂಡಿನಿಂದ ಕಡತ ತೆಗೆದರೆ ಬಟ್ಟೆ ಮಂಗಮಾಯ, ಇದ್ದಿಲಿನ ಪುಡಿ ಮಾತ್ರ ಕಾಡಿಗೆಯಂತೆ ಉದುರುತ್ತಿತ್ತು. ಇದಕ್ಕೊಂದು ಮದ್ದು ಕಂಡುಹಿಡಿಯುವುದೇ ದೊಡ್ಡಪ್ಪನ ಜೀವನದ ಗುರಿ. ಮನೆಯಲ್ಲಿ ಎರಡು ಒಲೆ: ಒಂದರಲ್ಲಿ ಸಾರು, ಇನ್ನೊಂದರಲ್ಲಿ ಮದ್ದು. ಯಾವುದರಲ್ಲಿ ಯಾವುದು ಎಂಬುದು ವಾಸನೆಯಿಂದ ಗೊತ್ತಾಗುತ್ತಿರಲಿಲ್ಲ ಎಂದು ಹೇಳಿದರೆ ದೊಡ್ಡವ್ವನಿಗೆ ಕೋಪ ಬರುತ್ತಿತ್ತು.

ಮೊದಲನೆಯ ಮದ್ದು ಹೊಗೆಸೊಪ್ಪು, ಇಂಗು, ಒಣಮೆಣಸಿನಕಾಯಿಯ ಕಷಾಯ. ತೆರಕಣಾಂಬಿಗೆ ಹೋಗುವ ದಾರಿಯಲ್ಲಿದ್ದ ನಮ್ಮೂರಿನ ಶಾಲೆಯಲ್ಲಿ ಕರಿಹಲಗೆಯ ಕಾಲು ಮುರಿದಿತ್ತು. ದೊಡ್ಡಪ್ಪ ಗೋಡೆಯಗಲದ ಕಡತವೊಂದನ್ನು ಆ ಕಷಾಯದಲ್ಲಿ ಅದ್ದಿ ಒಣಗಿಸಿ, ತೂಗುಹಾಕಿ ಬಂದರು. ಮಾರನೆಯ ದಿನವೇ ಇನ್‌ಸ್ಪೆಕ್ಟರು ಬರಬೇಕೆ! ಮೇಷ್ಟ್ರು ಬರೆದದ್ದನ್ನು ಒರೆಸಿದರು. ಅಷ್ಟೇ. "ಎಂಟೆರಡ್ಲೆ ಎಷ್ಟು?" ಎಂದು ಇನ್‌ಸ್ಪೆಕ್ಟರು ಕೇಳಿದ್ದಕ್ಕೆ ಇಡೀ ತರಗತಿ ಒಕ್ಕೊರಲಿನಿಂದ "ಆ...ಕ್ಷಿ!" ಎಂದಿತು. ಉತ್ತರ ತಪ್ಪು ಎನ್ನಲು ಬಾಯಿ ತೆರೆದ ಇನ್‌ಸ್ಪೆಕ್ಟರೂ ಅದೇ ಉತ್ತರ ಕೊಟ್ಟರು. ಸಂಜೆ ಮೇಷ್ಟ್ರು ಕಡತವನ್ನು ಕೋಲಿನ ತುದಿಯಲ್ಲಿ ಸಿಕ್ಕಿಸಿಕೊಂಡು ಮನೆಗೆ ತಂದರು.

"ಗೆದ್ದಲು ಬಂದಿತ್ತಾ ಮೇಷ್ಟ್ರೇ?" ಇದೊಂದೇ ದೊಡ್ಡಪ್ಪನ ಪ್ರಶ್ನೆ.

"ಇಲ್ಲ ಸ್ವಾಮಿ."

"ಮತ್ತೆ?"

"ನಾಳೆಯಿಂದ ಮಕ್ಕಳೂ ಬರೋದಿಲ್ಲ!"

ಎರಡನೆಯದು ಜೇನುಮೇಣ. ಒಳ್ಳೆಯ ಮೇಣ ಬೇಕೆಂದು ಪುಣಜನೂರಿನವರೆಗೆ ಹೋಗಿ ಬಂದರು. ಕಾಡಂಚಿನ ಊರು, ಆನೆ ಓಡಾಡುವ ದಾರಿ. ಆನೆಗೆ ಹೆದರಲಿಲ್ಲವೇ ಎಂದು ಕೇಳಿದರೆ "ಆನೆ ಕಡತ ತಿಂದದಾ?" ಎಂದರು. ಮೇಣ ಕರಗಿಸಿ ಬಳಿದ ಕಡತ ಕನ್ನಡಿಯಂತೆ ಹೊಳೆಯುತ್ತಿತ್ತು. ನೀರು ಸುರಿದರೆ ಜಾರಿತು. ಗೆದ್ದಲು ಬಿಟ್ಟರೆ ಅದೂ ಜಾರಿತು. ದೊಡ್ಡಪ್ಪ ಆನಂದದಿಂದ ಬಳಪ ತೆಗೆದುಕೊಂಡು 'ಶ್ರೀ' ಎಂದು ಬರೆಯಹೋದರು. ಬಳಪವೂ ಜಾರಿತು! ಉಜ್ಜಿ ನೋಡಿದರು, ಒತ್ತಿ ನೋಡಿದರು, ಒಂದು ಸೊನ್ನೆಯೂ ಮೂಡಲಿಲ್ಲ.

ದೊಡ್ಡವ್ವ ಒಳಗಿನಿಂದಲೇ ಹೇಳಿದಳು: "ಇದೊಂದು ಸರ್ಯಾಗದೆ ಬುಡಿ. ತಿನ್ನಕ್ಕೆ ಅಕ್ಸರನೇ ಇಲ್ಲ ಅಂದ್ಮೇಲೆ ಗೆದ್ದಲು ಯಾಕ್ ಬಂದದು?"

ಅದಾದ ಮೇಲೆ ದೊಡ್ಡಪ್ಪನಿಗೆ ಜ್ಞಾನೋದಯವಾಯಿತು. ಗೆದ್ದಲು ನಮ್ಮ ಮನೆಗೆ ಬರಲೆಂದು ಕಾಯುವುದೇಕೆ? ನಾವೇ ಅದರ ಮನೆಗೆ ಹೋದರಾಯಿತಲ್ಲ! ಊರಾಚೆಯ ಹುಣಸೆಮರದ ಬುಡದಲ್ಲಿ ಆಳೆತ್ತರದ ಹುತ್ತವಿತ್ತು. ಮೈಲುತುತ್ತದ ಹೊಸ ಮದ್ದು ಬಳಿದ ಗೇಣುದ್ದದ ಕಡತದ ಚೂರನ್ನು ದಾರ ಕಟ್ಟಿ ಹುತ್ತದ ಬಾಯೊಳಗೆ ಇಳಿಬಿಡುವುದು, ಎಂಟು ದಿನ ಬಿಟ್ಟು ಎಳೆದು ನೋಡುವುದು. ಇಷ್ಟೇ ಪ್ರಯೋಗ.

ಆದರೆ ನೋಡುವವರ ಕಣ್ಣಿಗೆ? ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಕೈಯಲ್ಲಿ ತಂಬಿಗೆ ಹಿಡಿದ ಗಂಡಸು ಹುತ್ತದ ಮುಂದೆ ಅರ್ಧಗಂಟೆ ಮಂಡಿಯೂರಿ ಕೂತಿರುತ್ತಾನೆ. ಒಳಗೆ ಬಗ್ಗಿ ನೋಡುತ್ತಾನೆ. ನಿಟ್ಟುಸಿರು ಬಿಡುತ್ತಾನೆ. ಮೇಲಾಗಿ ಅವನಿಗೆ ಸ್ವಂತ ಮಕ್ಕಳಿಲ್ಲ. ಊರ ಹೆಂಗಸರು ಏನೆಂದು ತಿಳಿಯಬೇಕು ನೀವೇ ಹೇಳಿ! 'ಪಾಪ, ಮಕ್ಕಳಾಗಲಿ ಅಂತ ನಾಗಪ್ಪನಿಗೆ ನಡೆದುಕೊಳ್ಳುತ್ತಾ ಇದ್ದಾರೆ' ಎಂದು ಮರುಗಿದರು. ಮರುಗಿದ್ದಷ್ಟೇ ಅಲ್ಲ, ದೊಡ್ಡವ್ವನ ಮೇಲಿನ ಪ್ರೀತಿಗೆ ತಾವೂ ಒಂದೊಂದು ತಂಬಿಗೆ ಹಾಲು ತಂದು ಹುತ್ತಕ್ಕೆ ಹುಯ್ದರು. ಸೋಮವಾರ ದೊಡ್ಡಪ್ಪ ದಾರ ಎಳೆದರೆ ಕಡತದ ಚೂರು ಹಾಲಿನಲ್ಲಿ ನೆಂದು, ಅರಿಶಿನ ಮೆತ್ತಿ, ಕೆಂಜಿಗದ ಗೂಡಾಗಿತ್ತು.

"ಇದ ಇರ್ವೆ ತಿಂತಾ, ಗೆದ್ದಲು ತಿಂತಾ, ಏಂಗ್ ತಿಳ್ಕಳದು!" ಎಂದು ತಲೆ ಚಚ್ಚಿಕೊಂಡರು. ಹೆಂಗಸರಿಗೆ ಕೈಮುಗಿದು ಬೇಡಿಕೊಂಡರು. ವ್ರತದಲ್ಲಿರುವವರು ಹಾಗೆ ಹೇಳುವುದೇ ವಾಡಿಕೆ ಎಂದುಕೊಂಡು ಅವರು ಇನ್ನಷ್ಟು ಹಾಲು ತಂದರು. ದೊಡ್ಡಪ್ಪ ಬೇರೆ ಹುತ್ತಕ್ಕೆ ಹೋದರು. 'ಇದು ಅದಕ್ಕಿಂತ ಶಕ್ತಿ ಇರುವ ಹುತ್ತವಂತೆ' ಎಂದು ಹಾಲೂ ಅಲ್ಲಿಗೆ ಹೋಯಿತು. ತಿಂಗಳೊಳಗೆ ನಮ್ಮೂರಿನ ನಾಲ್ಕು ಹುತ್ತಗಳು ಉದ್ಧಾರವಾದವು! ಕೊನೆಗೆ ಒಂದು ಕಡತದ ಮೇಲೆ ದಪ್ಪಕ್ಷರದಲ್ಲಿ 'ಇಲ್ಲಿ ಹಾಲು ಹಾಕಬಾರದು' ಎಂದು ಬರೆದು ಮೊದಲಿನ ಹುತ್ತದ ಪಕ್ಕ ಕೋಲಿಗೆ ಕಟ್ಟಿದರು. ಮಾರನೆಯ ದಿನ ಆ ಬರಹದ ನಾಲ್ಕು ಮೂಲೆಗೂ ಕುಂಕುಮ ಬಿದ್ದು, ಮೇಲೊಂದು ಕಣಗಿಲೆ ಹೂವಿನ ಹಾರ ತೂಗುತ್ತಿತ್ತು. ಓದಲು ಬರುವ ಹೆಂಗಸು ಊರಿನಲ್ಲಿ ಒಬ್ಬಳೂ ಇರಲಿಲ್ಲ.

ಒಬ್ಬಳಿದ್ದಳು. ಹೆಂಗಸಲ್ಲ, ಹುಡುಗಿ. ನಾಲ್ಕನೇ ತರಗತಿಗೆ ಸಾಕೆಂದು ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸಿದ್ದ ನಾನು! ಮುಂದಿನ ಸೋಮವಾರ ಕರು ಮೇಯಿಸುತ್ತ ಆ ಮರದ ಹತ್ತಿರವೇ ಇದ್ದೆ. ಐವರು ಹೆಂಗಸರು ಬಂದರು, ತಂಬಿಗೆ ಬಗ್ಗಿಸಿದರು.

"ಅಜ್ಜೀ, ಆಲ ಆಕ್ಬ್ಯಾಡಿ! ಅಲ್ಲಿ ಬರ್ದದೆ!" ಎಂದು ಕೂಗಿದೆ.

"ಏನ್ ಬರ್ದದಮ್ಮಿ?"

"ಇಲ್ಲಿ ಹಾಲು ಹಾಕಬಾರದು ಅಂತ."

"ಯಾರ್ ಬರ್ದವ್ರೆ? ದ್ಯಾವ್ರಾ?"

ನಾನು ಸುಳ್ಳು ಹೇಳಲಿಲ್ಲ. ನಿಜವನ್ನೂ ಹೇಳಲಿಲ್ಲ. "ಬರ್ದದೆ" ಎಂದೆ, ಅಷ್ಟೇ. ಐದು ತಂಬಿಗೆಗಳೂ ಒಟ್ಟಿಗೆ ನೆಟ್ಟಗಾದವು. ಐವರೂ ಹುತ್ತಕ್ಕೆ ಕೈಮುಗಿದು ಹಾಲು ಸಮೇತ ಮನೆಗೆ ನಡೆದರು.

ಮರದ ಹಿಂದೆ ನಿಂತು ಇದನ್ನೆಲ್ಲ ನೋಡಿದ ದೊಡ್ಡಪ್ಪ ನನ್ನ ಕೈಹಿಡಿದು ದರದರನೆ ಎಳೆದುಕೊಂಡು ನಮ್ಮಪ್ಪನ ಮುಂದೆ ನಿಲ್ಲಿಸಿದರು. ಅಪ್ಪ ಅವರ ತಮ್ಮ; ಇಬ್ಬರದೂ ಒಂದೇ ಮನೆ.

"ಲೋ, ಇವಳ್ನ ಯಾಕ್ಲಾ ಇಸ್ಕೂಲ್ ಬುಡ್ಸಿದ್ದೈ?"

"ಎಣ್ಣುಡ್ಗಿ ಕಣಣ್ಣ. ನಾಕ್ನೇದು ಸಾಕು."

"ನಾನು ತಿಂಗ್ಳಿಂದ ಬಾಯ್ ಬಡ್ಕಂಡ್ರೂ ನಿಲ್ಲದ ಐದು ಜನ ಎಂಗಸ್ರ, ಇವಳು ಒಂದು ಸಾಲು ಓದಿ ನಿಲ್ಲಿಸ್ಬುಟ್ಲು ಕಣ್ಲಾ! ನಾಕ್ನೇದಕ್ಕೇ ಐದು ಜನ. ಎಸ್ಸೆಲ್ಸಿ ಮಾಡುದ್ರೆ ಊರ್ನೇ ನಿಲ್ಲಿಸ್ತಾಳೆ!"

ಊರನ್ನು ನಾನು ಇಂದಿಗೂ ನಿಲ್ಲಿಸಿಲ್ಲ. ಆದರೆ ನನ್ನ ವಿದ್ಯಾಭ್ಯಾಸಕ್ಕೆ ಮೂಲ ಯಾವುದೆಂದು ಯಾರಾದರೂ ಕೇಳಿದರೆ, ಹುತ್ತಕ್ಕೆ ಬೀಳದೆ ಉಳಿದ ಐದು ತಂಬಿಗೆ ಹಾಲು ಎಂದೇ ಹೇಳುತ್ತೇನೆ. ಮಿಡ್ಲ್ ಸ್ಕೂಲಿಗೆ ತೆರಕಣಾಂಬಿಗೆ ನಡೆದೆ. ಹೈಸ್ಕೂಲಿಗೆ ಗುಂಡ್ಲುಪೇಟೆಯ ನೆಂಟರ ಮನೆಯಲ್ಲಿದ್ದು, ಅವರ ನೀರು ಸೇದಿ, ಮುಸುರೆ ತಿಕ್ಕಿ ಓದಿದೆ. ಆಮೇಲೆ ಮೊರದ ಮುಂದೆ ನಡೆದ ಆ ವಾಗ್ವಾದ. ದೊಡ್ಡವ್ವ 'ಆಗದಿಲ್ಲ' ಎಂದಳು. ಎಂದವಳೇ ದಾರಿಗೆ ರೊಟ್ಟಿ ಕಟ್ಟಿಕೊಟ್ಟಳು.

ಕಾಲೇಜಿನಲ್ಲಿ ಮೊದಲ ದಿನ ರಸಾಯನಶಾಸ್ತ್ರದ ಮೇಷ್ಟ್ರು ನೀಲಿ ಹರಳುಗಳ ಶೀಶೆ ತೋರಿಸಿ "ಕಾಪರ್ ಸಲ್ಫೇಟ್" ಎಂದರು. ನನ್ನ ಬಾಯಿ ಸುಮ್ಮನಿರಬೇಕಲ್ಲ! "ಸಾರ್, ಅದು ನಮ್ಮ ದೊಡ್ಡಪ್ಪನ ಮೈಲುತುತ್ತ!" ಎಂದುಬಿಟ್ಟೆ. ಮೈಸೂರಿನ ಹುಡುಗಿಯರು ಘೊಳ್ಳೆಂದು ನಕ್ಕರು. ನಗಲಿ. ಅವರಿಗೆ ಹೆಸರು ಗೊತ್ತಿತ್ತು, ನನಗೆ ಪದಾರ್ಥ ಗೊತ್ತಿತ್ತು. ಮೇಷ್ಟ್ರು ನಗಲಿಲ್ಲ. ಯಾವ ದೊಡ್ಡಪ್ಪ, ಯಾವ ಮೈಲುತುತ್ತ ಎಂದು ವಿಚಾರಿಸಿದರು. ದೊಡ್ಡಪ್ಪ ಕೊಟ್ಟು ಕಳಿಸಿದ್ದ ಕಡತವನ್ನು ನನ್ನ ಟ್ರಂಕಿನಿಂದ ತಂದು ಕೊಟ್ಟೆ. ಬೆಳಕಿಗೆ ಹಿಡಿದು ನೋಡಿದರು.

"ಬಟ್ಟೆ, ಅಂಟು, ಇದ್ದಿಲು ಮೂರೂ ಕೂಡಿ ಒಂದೇ ವಸ್ತುವಾಗಿದೆ ನೋಡಮ್ಮ. ಇದರಲ್ಲಿ ಇದ್ದಿಲು ತನ್ನನ್ನು ತಾನೇ ಕಾಯ್ದುಕೊಳ್ಳುತ್ತೆ. ಬಟ್ಟೆಗೆ ಆ ಶಕ್ತಿ ಇಲ್ಲ. ನಿಮ್ಮ ದೊಡ್ಡಪ್ಪ ಎಲ್ಲ ಮುಗಿದ ಮೇಲೆ ಹೊರಗಡೆ ಮದ್ದು ಬಳೀತಾ ಇದ್ದಾರೆ. ಬಟ್ಟೆಗೇ ಮೊದಲು ಕುಡಿಸಬೇಕು. ಮೈಲುತುತ್ತದ ನೀರಲ್ಲಿ ನೆನೆಸಿ, ಆಮೇಲೆ ಸುಣ್ಣದ ತಿಳಿಯಲ್ಲಿ ಅದ್ದಿದರೆ ಮದ್ದು ಎಳೆ ಎಳೆಯಲ್ಲೂ ಕೂರುತ್ತೆ. ಅಂಟಿಗೂ ಒಂದು ಚಿಟಿಕೆ ಬೆರೆಸಲಿ. ಇದ್ದಿಲು ಬಳಿಯೋದು ಕೊನೆಗೆ."

ಅಂದೇ ಕಾರ್ಡು ಬರೆದೆ. ಹದಿನೈದು ದಿನಕ್ಕೆ ಉತ್ತರ ಬಂತು. ದೊಡ್ಡಪ್ಪನ ಅಕ್ಷರ ಮುತ್ತು ಪೋಣಿಸಿದಂತಿತ್ತು:

'ನೀನು ತಿಳಿಸಿದ ಪ್ರಕಾರ ಬಟ್ಟೆಗೆ ಮೊದಲು ಕುಡಿಸಿರುತ್ತೇನೆ. ಹಳೆಯ ಬಟ್ಟೆ ಸಾಲದೆ ನಿಮ್ಮ ದೊಡ್ಡವ್ವನ ಹೊಸ ದುಪ್ಪಟಿ ಉಪಯೋಗಿಸಿರುತ್ತೇನೆ. ಗೆದ್ದಲು ಈವರೆಗೆ ಬಂದಿಲ್ಲ. ನಿಮ್ಮ ದೊಡ್ಡವ್ವ ಬಂದಿದ್ದಳು.'

ಆ ದುಪ್ಪಟಿಯ ಕಡತದ ಒಂದು ಚೂರು ಹುತ್ತದೊಳಗೆ ಒಂದು ಮಳೆಗಾಲ ಕಳೆಯಿತು. ಎರಡು ಕಳೆಯಿತು. ಪ್ರತಿ ಕಾರ್ಡಿನ ಕೊನೆಯಲ್ಲೂ 'ಇನ್ನೂ ತಿಂದಿಲ್ಲ' ಎಂದಿರುತ್ತಿತ್ತು. ಇತ್ತ ನನ್ನನ್ನೂ ಯಾವ ಪರೀಕ್ಷೆಯೂ ತಿನ್ನಲಿಲ್ಲ. ಬಿ.ಎಸ್ಸಿ. ಪಾಸಾದೆ.

ಪಾಸಾದದ್ದೇನೋ ಸರಿ, ಕಾಗದ ಬರಬೇಕಲ್ಲ! ಚಾಮರಾಜನಗರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವ ಕೆಲಸ ಕಾದಿತ್ತು. ತಿಂಗಳ ಕೊನೆಯೊಳಗೆ ಪದವಿ ಪತ್ರ ತಂದು ತೋರಿಸಿದರೆ ನನಗೆ, ಇಲ್ಲವಾದರೆ ಮುಂದಿನವರಿಗೆ ಎಂದಿದ್ದರು. ಪತ್ರಕ್ಕೆ ರುಜು ಬಿದ್ದಾಗಿತ್ತು. ಅದು ಯಾವ ಕಟ್ಟಿನಲ್ಲಿದೆಯೆಂದು ಮಾತ್ರ ಯಾರಿಗೂ ತಿಳಿಯದು. ದಿನಾ ವಿಶ್ವವಿದ್ಯಾನಿಲಯದ ಆ ದೊಡ್ಡ ಕಚೇರಿಯ ಕಂಬ ಎಣಿಸಿ ಬರುತ್ತಿದ್ದೆ. ಬೇಸತ್ತು ಮನೆಗೊಂದು ಕಾರ್ಡು ಹಾಕಿದೆ. ಪದವೀಧರೆಯಲ್ಲವೇ? ಫೈಲು ಎಂದು ಬರೆದರೆ ನನ್ನ ಕನ್ನಡಕ್ಕೆ ಅವಮಾನ! 'ನನ್ನ ಪದವಿ ಪತ್ರವು ಇನ್ನೂ ಕಡತದಲ್ಲಿಯೇ ಇದೆಯಂತೆ. ಆ ಕಡತವು ಎಲ್ಲಿದೆಯೋ ತಿಳಿಯದು' ಎಂದು ಬರೆದೆ.

ಮೂರನೆಯ ದಿನ ಬೆಳಿಗ್ಗೆ ಕಚೇರಿಯ ಮೆಟ್ಟಿಲ ಮೇಲೆ ದೊಡ್ಡಪ್ಪ ಕೂತಿದ್ದರು! ಬಿಳಿ ಪಂಚೆ, ಕರಿ ಬೆರಳು, ಮಡಿಲಲ್ಲಿ ನೀಲಿ ನೀರಿನ ದೊಡ್ಡ ಬಾಟಲಿ. ಬಸ್ಸಿನಲ್ಲಿ ಕಂಡಕ್ಟರು ಅದೇನೆಂದು ಕೇಳಿದ್ದಕ್ಕೆ 'ಬಿಯೆಸ್ಸಿ ಮದ್ದು' ಎಂದು ಹೇಳಿ ಬಂದಿದ್ದರಂತೆ.

"ಕಡತದಲ್ಲಿ ಮಡಗವ್ರೆ ಅಂತ ಬರ್ದಿದ್ದೆಯಲ್ಲಮ್ಮಿ! ಯಾವ ಪುಣ್ಯಾತ್ಮ ಮಾಡಿದ್ದೋ, ಮದ್ದು ಕುಡ್ಸವ್ನೋ ಇಲ್ವೋ. ಮಳೆ ಬ್ಯಾರೆ ಇಡ್ಕಂಡದೆ!"

ತಡೆಯುವುದರೊಳಗೆ ಒಳಗೆ ನುಗ್ಗಿಯಾಗಿತ್ತು. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು.

"ಸ್ವಾಮಿ, ನಮ್ ಉಡ್ಗಿ ಬಿಯೆಸ್ಸಿ ಇರೋ ಕಡತವ ಒಸಿ ತೋರ್ಸಿ."

ಗುಮಾಸ್ತರು ಕೆಂಪು ದಾರ ಕಟ್ಟಿದ ಯಾವುದೋ ಕಟ್ಟನ್ನು ಎತ್ತಿ ಹಿಡಿದರು. "ನೋಡ್ರೀ, ಇಂಥವು ಕೋಣೆ ತುಂಬ ಇವೆ. ಎಲ್ಲಿ ಅಂತ ಹುಡುಕಲಿ?"

ದೊಡ್ಡಪ್ಪ ಅದನ್ನು ಮುಟ್ಟಿದರು. ಮೂಸಿದರು. "ಇದ್ಯಾವ ಸೀಮೆ ಕಡತ ಸ್ವಾಮಿ? ಇದ್ದಿಲಿಲ್ಲ, ಉಣ್ಸೆಬೀಜ ಇಲ್ಲ, ಬರೀ ಕಾಗ್ದ!"

"ಕಡತ ಅಂದ್ರೆ ಕಾಗದಾನೇ ಕಣ್ರೀ."

"ಅಂಗಾದ್ರೆ ಕಾಗ್ದ ಅನ್ನಿ. ಕಡತ ಅಂತ ಯೋಳಿ ಅದ್ರ ಮಾನ ಯಾಕ್ ಕಳೀತೀರಿ?"

ನಾನು ನೆಲ ಬಾಯಿ ಬಿಡಬಾರದೆ ಎಂದು ನಿಂತಿದ್ದೆ. ಅಷ್ಟರಲ್ಲಿ ದೊಡ್ಡಪ್ಪನ ಮಾತು ನಿಂತಿತು. ಅವರ ಕಣ್ಣು ಮೂಲೆಯ ಮರದ ಬೀರುವಿನ ಕಾಲಿನ ಮೇಲಿತ್ತು. ಅಲ್ಲೊಂದು ಸಣ್ಣ ಮಣ್ಣಿನ ಗೆರೆ. ಹತ್ತಿರ ಹೋಗಿ ಉಗುರಿನಲ್ಲಿ ಕೆರೆದರು. ಒಳಗಿನಿಂದ ಬೆಳ್ಳಗೆ ಒಂದಿಷ್ಟು ಜೀವಗಳು ಚೆಲ್ಲಾಪಿಲ್ಲಿ ಓಡಿದವು.

"ಬಂದವ್ರೆ ಸ್ವಾಮಿ!" ಎಂದರು, ಹಳೆಯ ನೆಂಟರನ್ನು ಕಂಡವರಂತೆ.

ವಾರಗಟ್ಟಲೆ ಸಿಗದ ಕಟ್ಟು ಅರ್ಧಗಂಟೆಯಲ್ಲಿ ಸಿಕ್ಕಿತು! ಇಡೀ ಬೀರು ಖಾಲಿ ಮಾಡಿದರಲ್ಲ. ಕೆಳಗಿನ ಅಂತಸ್ತಿನಲ್ಲಿದ್ದದ್ದು ಮಣ್ಣಾಗಿತ್ತು. ಎರಡನೆಯ ಅಂತಸ್ತಿನ ಅಂಚು ಹೋಗಿತ್ತು. ನನ್ನದು ಮೂರನೆಯದರಲ್ಲಿತ್ತು. ಗುಮಾಸ್ತರು ಪತ್ರವನ್ನು ನನ್ನ ಕೈಗಿತ್ತು, ದೊಡ್ಡಪ್ಪನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಆ ಬಾಟ್ಲಿ... ಇಲ್ಲೇ ಬಿಟ್ಟು ಹೋಗ್ತೀರಾ ಯಜಮಾನ್ರೇ?"

ಬಸ್ಸಿನಲ್ಲಿ ದಾರಿಯುದ್ದಕ್ಕೂ ಪತ್ರವನ್ನು ಎದೆಗವಚಿ ಕೂತಿದ್ದೆ. "ನೋಡಿ ದೊಡ್ಡಪ್ಪ" ಎಂದು ನೀಡಿದರೆ ಕೈ ಹಿಂದಕ್ಕೆಳೆದುಕೊಂಡರು. "ಕರಿ ಅಂಟ್ಕತದೆ. ನೀನೇ ಇಡ್ಕ" ಎಂದರು.

ಮನೆಗೆ ಬಂದಾಗ ಮಧ್ಯಾಹ್ನ. ದೊಡ್ಡವ್ವ ಪತ್ರವನ್ನು ಕಣ್ಣಿಗೊತ್ತಿಕೊಂಡಳು, ತಲೆಕೆಳಗಾಗಿ. ದೊಡ್ಡಪ್ಪ ಸೀಗೆಪುಡಿ ಹಾಕಿ ಮೂರು ಸಲ ಕೈ ತೊಳೆದು, ಒಳಗಿನಿಂದ ಒಂದು ಕರಿಯ ಚೀಲ ತಂದರು. ಅದೇ ದುಪ್ಪಟಿಯ ಬಟ್ಟೆ, ಅದೇ ಮದ್ದು, ಅದೇ ಇದ್ದಿಲು. ಮೂರು ಕಡೆ ಬಿಳಿ ದಾರದಲ್ಲಿ ಒತ್ತೊತ್ತಾಗಿ ಹೊಲಿದಿತ್ತು. ಪತ್ರವನ್ನು ಅವರ ಕೈಗೆ ಕೊಟ್ಟೆ. ಉಸಿರು ಬಿಗಿಹಿಡಿದು ಅದನ್ನು ಚೀಲದೊಳಗೆ ಇಳಿಸಹೋದರು. ಇಳಿಯಲಿಲ್ಲ. ನಾಲ್ಕು ಬೆರಳಿನಷ್ಟು ಅಗಲ ಹೆಚ್ಚಾಯಿತು.

"ಇಷ್ಟೆಲ್ಲ ಮಾಡಿ ಅಳತೆನೇ ತಪ್ಪೋಯ್ತಲ್ಲ ದೊಡ್ಡಪ್ಪ!" ಎಂದು ನಕ್ಕೆ.

ಅವರು ನಗಲಿಲ್ಲ. ದೊಡ್ಡವ್ವನೂ ನಗಲಿಲ್ಲ.

"ಅಳತೆ ತಪ್ಪಿಲ್ಲ ಕಣಮ್ಮಿ" ಎಂದಳು. "ಅವ್ರದೂ ಒಂದಿತ್ತು. ಲೋಯರ್ ಸೆಕೆಂಡ್ರಿ ಪಾಸಾದ ಕಾಗ್ದ. ನಾನು ಮದ್ವೆಯಾಗಿ ಬಂದ ವರ್ಸ. ಗ್ವಾಡೆ ಗೂಡ್ನಲ್ಲಿ ಮಡಗಿದ್ರು. ಮೇಷ್ಟ್ರ ಕೆಲ್ಸಕ್ಕೆ ಕಾಗ್ದ ತತ್ತಾ ಅಂದಾಗ ಕೈ ಆಕುದ್ರೆ ಬರೀ ಮಣ್ಣು ಬಂತು. ಪಾಸಾಗಿವ್ನಿ ಅಂತ ಬಾಯ್ನಲ್ಲಿ ಯೋಳುದ್ರೆ ಯಾರ್ ನಂಬುದ್ರು? ಅದ ಕಣ್ಣಾರೆ ಕಂಡಿದ್ದೆ. ಅದಕ್ಕೇ ಆಗದಿಲ್ಲ, ಆಗದಿಲ್ಲ ಅಂತಿದ್ದೆ."

ಅವರು ಯಾವುದಾದರೂ ಪರೀಕ್ಷೆ ಪಾಸಾಗಿದ್ದರೆಂಬುದೇ ನನಗೆ ಗೊತ್ತಿರಲಿಲ್ಲ. ದೊಡ್ಡಪ್ಪ ಚೀಲವನ್ನು ಪಕ್ಕಕ್ಕಿಟ್ಟು, ಪತ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಬೆರಳಿಟ್ಟು ಅಳೆದರು.

"ನನ್ನ ಅಳತೆಗೆ ಒಲ್ದ್‌ಬುಟ್ಟಿದ್ದೆ ಕಣಮ್ಮಿ" ಎಂದರು. "ನಿಂದು ದೊಡ್ದಾಗದೆ."